ಪಂಪ್‌ಮನೆಯ ಬೋರ್ಡು, ಹಳೇ ಮಾನಿಟರು ಮತ್ತು ಸಾಯಲೊಲ್ಲದ ವಿಜಿಎ

ಏನು ಕೆಲಸ

ಮಾವನ ಅಡಿಕೆ ತೋಟದ ಟ್ಯಾಂಕಿನಲ್ಲಿ ನೀರು ಎಷ್ಟಿದೆ, ತ್ರೀ ಫೇಸ್ ಬಂದಿದೆಯೋ ಇಲ್ಲವೋ, ಮೋಟರ್ ಓಡುತ್ತಿದೆಯೋ ನಿಂತಿದೆಯೋ. ಈ ಮೂರು ಸಂಗತಿ ಜಗಲಿಯಲ್ಲಿ ಕೂತವರಿಗೆ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಯೋಜನೆ ಇಷ್ಟೇ. ಮೊಬೈಲ್ ಆ್ಯಪ್ ಮಾಡಬಾರದಾ ಎಂದು ಕೇಳುವವರು ತೀರ್ಥಹಳ್ಳಿ ಕಡೆಯ ಆ ಕಣಿವೆಗೆ ಒಮ್ಮೆ ಬರಬೇಕು. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಮಾವನ ಬೇಡಿಕೆಯೂ ಸ್ಪಷ್ಟ: “ಹೋಗ್ತಾ ಬರ್ತಾ ಕಣ್ಣಿಗೆ ಬೀಳ್ಬೇಕು ಮಾರಾಯ. ಒತ್ತೋದು, ತೆಗ್ಯೋದು ಎಲ್ಲ ನಂಗೆ ಆಗ.”

ಮೊದಲ ಪ್ರಯತ್ನ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಅದರಲ್ಲಿರುವುದು ಈಗಿನ ಟಿವಿಗಳ ಡಿಜಿಟಲ್ ಪೋರ್ಟ್ ಎಚ್‌ಡಿಎಂಐ, ನನ್ನ ಹತ್ತಿರ ಇದ್ದ ಮಾನಿಟರಿನಲ್ಲಿರುವುದು ಹಳೇ ಕಾಲದ ಅನಲಾಗ್ ಪೋರ್ಟ್ ವಿಜಿಎ ಒಂದೇ. ನಡುವೆ ಒಂದು ಪುಟ್ಟ ಕನ್ವರ್ಟರ್ ಹಾಕಿದೆ. ಮೇಜಿನ ಮೇಲೆ ಚೆನ್ನಾಗಿಯೇ ಓಡಿತು. ಊರಿನಲ್ಲಿ ಕರೆಂಟ್ ಹೋಗಿ ಬಂದಾಗ ಮಾತ್ರ ಸ್ಕ್ರೀನ್ ಕಪ್ಪು. ಕಾರಣ ಹುಡುಕಿದರೆ ವಿಚಿತ್ರವೇನಲ್ಲ: ಎಚ್‌ಡಿಎಂಐ ಮೊದಲು ಎದುರಿನವರನ್ನು ಮಾತಾಡಿಸುತ್ತದೆ. ಆ ತುದಿಯಲ್ಲಿ ಯಾರಾದರೂ ಇದ್ದಾರಾ, ಇದ್ದರೆ ಎಷ್ಟು ರೆಸಲ್ಯೂಷನ್ ಬೇಕು ಎಂದು ಕೇಳಿ, ಉತ್ತರ ಬಂದ ಮೇಲೆ ಚಿತ್ರ ಕಳಿಸುತ್ತದೆ. ಮಾನಿಟರ್ ಏಳುವ ಮೊದಲೇ ಪೈ ಎದ್ದುಬಿಟ್ಟರೆ ಉತ್ತರ ಕೊಡುವವರಿಲ್ಲ. ಕನ್ವರ್ಟರಿನ ಹೊಟ್ಟೆಗೂ ಎಚ್‌ಡಿಎಂಐನ 5 ವೋಲ್ಟ್ ಪಿನ್ನೇ ಗತಿ, ಅದರಿಂದ 55 ಮಿಲಿಆಂಪ್ ಸಿಗುತ್ತದೆ ಎಂಬುದಷ್ಟೇ ಸ್ಟ್ಯಾಂಡರ್ಡ್ ಕೊಡುವ ಖಾತ್ರಿ. ‘ಎದುರು ಯಾರಿಲ್ಲದಿದ್ದರೂ 1024×768 ಕಳಿಸು’ ಎಂದು ಪೈಗೆ ಕಾನ್ಫಿಗ್ ಫೈಲಿನಲ್ಲಿ ಕಟ್ಟಪ್ಪಣೆ ಮಾಡಬಹುದು, ಮಾಡಿಯೂ ನೋಡಿದೆ, ಕೆಲಸ ಮಾಡುತ್ತದೆ. ಆದರೆ ಮಳೆಗಾಲದಲ್ಲಿ ಗಂಟೆಗೊಮ್ಮೆ ಕರೆಂಟ್ ಹೋಗುವ ಜಾಗದಲ್ಲಿ ಎಸ್‌ಡಿ ಕಾರ್ಡಿನ ಮೇಲೆ ಲಿನಕ್ಸ್ ಇಟ್ಟು, ಕಾರ್ಡ್ ಯಾವಾಗ ಕೆಡುತ್ತದೋ ಎಂಬ ಚಿಂತೆಯಿಲ್ಲದೆ ಮಲಗುವುದು ಕಷ್ಟ. ಮೂರು ಸಾಲು ಅಕ್ಷರಕ್ಕೆ ಅಷ್ಟೆಲ್ಲ ಯಾಕೆ ಎಂದೂ ಅನಿಸಿತು.

ಹಾಗಾಗಿ ಪೈ ಬಿಟ್ಟು ಅದರ ಪುಟ್ಟ ತಮ್ಮ ಪಿಕೊ, ಬರೀ ಒಂದು ಮೈಕ್ರೊಕಂಟ್ರೋಲರ್ ಬೋರ್ಡು. ಆಪರೇಟಿಂಗ್ ಸಿಸ್ಟಮ್ ಇಲ್ಲ, ಕಾರ್ಡ್ ಇಲ್ಲ, ಕರೆಂಟ್ ಬಂದ ಕೂಡಲೇ ಶುರು. ವಿಜಿಎ ಸಿಗ್ನಲ್ಲನ್ನು ನಾನೇ ಹುಟ್ಟಿಸುವುದು ಎಂದು ತೀರ್ಮಾನ.

ಎಸ್‌ಪಿ ರೋಡ್

ಕೇಬಲ್ಲಿಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದೆ. ಹದಿನೈದು ಮೀಟರಿನ ವಿಜಿಎ ಕೇಬಲ್ ಇದೆಯಾ ಎಂದು ಕೇಳಿದರೆ ಅಂಗಡಿಯವರು ತಲೆ ಎತ್ತದೆ, “ಪ್ರೊಜೆಕ್ಟರ್‌ಗಾ ಸಾರ್?” ಅಂದರು.

“ಅಲ್ಲ, ಮಾನಿಟರ್‌ಗೆ. ಇನ್ನೂ ಹೋಗುತ್ತಾ ಇದು?”

“ಸ್ಕೂಲು, ಕಾಲೇಜು, ಕಲ್ಯಾಣ ಮಂಟಪ... ಬರ್ತಾನೇ ಇರ್ತಾರೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್ ಇರಲ್ಲ, ಕನ್ವರ್ಟರ್ ಹಾಕ್ಕೋತಾರೆ. ಸೀಲಿಂಗ್ ಒಳಗೆ ಹೋಗಿರೋ ವೈರ್ ಯಾರ್ ಸಾರ್ ಕೀಳ್ತಾರೆ?”

ಹದಿನೈದರದ್ದು ಇರಲಿಲ್ಲ. ಹತ್ತು ಮೀಟರಿನದೊಂದು, ಐದರದ್ದೊಂದು, ನಡುವೆ ಸೇರಿಸಲು ಜಾಯಿನರ್ ತಂದೆ.

ವಿಜಿಎ ಇನ್ನೂ ಸಾಯದಿರುವುದರ ಅರ್ಧ ಕಥೆ ಅವರು ಹೇಳಿದ್ದೇ. ಪೋರ್ಟನ್ನು ಬದಲಾಯಿಸುವುದೆಂದರೆ ಎರಡು ತುದಿಯನ್ನೂ, ನಡುವೆ ಗೋಡೆಯೊಳಗೆ ಇರುವುದನ್ನೂ ಬದಲಾಯಿಸಬೇಕು. ಲ್ಯಾಪ್‌ಟಾಪ್ ನಾಲ್ಕು ವರ್ಷಕ್ಕೆ ಬದಲಾಗುತ್ತದೆ. ಪ್ರೊಜೆಕ್ಟರ್ ಹತ್ತು ವರ್ಷ ಬಾಳುತ್ತದೆ. ಗೋಡೆ ಒಡೆಯುವುದು ಕಟ್ಟಡಕ್ಕೆ ಬಣ್ಣ ಬಳಿಯುವಾಗ, ಅದೂ ಯಾರಿಗಾದರೂ ನೆನಪಾದರೆ. ಈ ಸರಪಳಿಯಲ್ಲಿ ಅತಿ ನಿಧಾನವಾಗಿ ಬದಲಾಗುವ ಕೊಂಡಿ ಯಾವುದೋ ಅದರ ಮಾತೇ ನಡೆಯುವುದು.

ತಯಾರಕರು ಕೈಬಿಡಲು ನೋಡಲಿಲ್ಲ ಎಂದಲ್ಲ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಮ್‌ಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಡಿಸ್‌ಪ್ಲೇ ಎಲ್ಲ ಸೇರಿ 2015ರೊಳಗೆ ವಿಜಿಎಗೆ ವಿದಾಯ ಎಂದು ಪ್ರಕಟಿಸಿದ್ದವು. ಇಂಟೆಲ್ ತನ್ನ ಮಾತಿನ ಮಟ್ಟಿಗೆ ನಡೆದುಕೊಂಡಿತು ಕೂಡ: 2015ರ ಸ್ಕೈಲೇಕ್ ಪ್ರೊಸೆಸರಿನಿಂದ ನೇರ ವಿಜಿಎ ಔಟ್‌ಪುಟ್ ಹೋಯಿತು. ಆಮೇಲೆ ಬಂದ ಅಗ್ಗದ ಮದರ್‌ಬೋರ್ಡುಗಳ ಹಿಂಭಾಗ ನೋಡಿ. ಆ ನೀಲಿ ಸಾಕೆಟ್ ಎಷ್ಟೋ ಬೋರ್ಡುಗಳಲ್ಲಿ ಹಾಗೇ ಉಳಿಯಿತು. ಡಿಸ್‌ಪ್ಲೇಪೋರ್ಟ್ ಎಂಬ ಡಿಜಿಟಲ್ ಸಿಗ್ನಲ್ಲನ್ನು ವಿಜಿಎ ಮಾಡುವ ಚಿಕ್ಕದೊಂದು ಚಿಪ್ಪನ್ನು ಬೋರ್ಡಿನ ಮೇಲೇ ಕೂರಿಸಿದರು. ಅಂದರೆ ಪ್ರೊಸೆಸರಿನಲ್ಲಿ ಇಲ್ಲದ್ದನ್ನು ಖರ್ಚು ಮಾಡಿ ಹೊರಗಿನಿಂದ ಅಂಟಿಸಿದರು, ಯಾಕೆಂದರೆ ಕೊಳ್ಳುವವರ ಮೇಜಿನ ಮೇಲೆ ಹಳೇ ಮಾನಿಟರ್ ಇತ್ತು.

ಬ್ರೆಡ್‌ಬೋರ್ಡ್ ಮೇಲೆ

ಇದು ನನಗೆ ಖುಷಿ ಕೊಟ್ಟ ಭಾಗ, ಸ್ವಲ್ಪ ಉದ್ದ ಬರೆಯುತ್ತೇನೆ.

ವಿಜಿಎ ಬಂದದ್ದು 1987ರಲ್ಲಿ, ಐಬಿಎಮ್‌ನ ಪಿಎಸ್/2 ಕಂಪ್ಯೂಟರುಗಳ ಜೊತೆ. ಮೂರು ಸಾಲಿನಲ್ಲಿ ಹದಿನೈದು ಪಿನ್. ಆದರೆ ಚಿತ್ರ ಮೂಡಿಸಲು ಬೇಕಾಗುವ ಸಿಗ್ನಲ್ ಐದೇ. 1, 2, 3ನೇ ಪಿನ್ನುಗಳಲ್ಲಿ ಕೆಂಪು, ಹಸಿರು, ನೀಲಿ. 13ರಲ್ಲಿ ‘ಹೊಸ ಸಾಲು ಶುರು’ ಎನ್ನುವ ಅಡ್ಡ ಸಿಂಕ್, 14ರಲ್ಲಿ ‘ಹೊಸ ಚಿತ್ರ ಶುರು’ ಎನ್ನುವ ಉದ್ದ ಸಿಂಕ್. ಉಳಿದವುಗಳಲ್ಲಿ ಅರ್ಧ ಗ್ರೌಂಡು. 12 ಮತ್ತು 15ನೇ ಪಿನ್ನುಗಳಲ್ಲಿ ಮಾನಿಟರ್ ತನ್ನ ಹೆಸರು, ಅಳತೆ ಹೇಳಿಕೊಳ್ಳುವ ವ್ಯವಸ್ಥೆಯನ್ನು 1994ರಲ್ಲಿ ಸೇರಿಸಿದರು, ಆದರೆ ಅದನ್ನು ಕೇಳಿಸಿಕೊಳ್ಳದೆ ಹೋದರೂ ಚಿತ್ರ ನಿಲ್ಲುವುದಿಲ್ಲ. ನಾನು ಆ ಪಿನ್ನುಗಳಿಗೆ ತಂತಿಯನ್ನೇ ಹಾಕಿಲ್ಲ.

ಬಣ್ಣದ ತಂತಿಯಲ್ಲಿ 0 ವೋಲ್ಟ್ ಎಂದರೆ ಕತ್ತಲೆ, 0.7 ಎಂದರೆ ಪೂರ್ತಿ ಬೆಳಕು. ಪಿಕೊದ ಪಿನ್ ಕೊಡುವುದು 3.3 ವೋಲ್ಟ್. ಮಾನಿಟರಿನ ಒಳಗೆ ಪ್ರತಿ ಬಣ್ಣಕ್ಕೂ 75 ಓಮ್ ಇದ್ದೇ ಇದೆ. ಈಚೆ 270 ಓಮಿನ ರೆಸಿಸ್ಟರ್ ಸೇರಿಸಿದರೆ 3.3 × 75 ÷ 345, ಸುಮಾರು 0.72. ಮುಗಿಯಿತು. ಮೂರು ಬಣ್ಣಕ್ಕೆ ಮೂರು ರೆಸಿಸ್ಟರ್, ಎಂಟು ಬಣ್ಣ ಸಿದ್ಧ. ಪರವಾನಗಿ ಇಲ್ಲ, ಚಿಪ್ ಇಲ್ಲ. ಎರಡು ಸಿಂಕ್ ತಂತಿಗಳಿಗೂ ಒಂದೊಂದು 100 ಓಮ್ ಹಾಕಿದ್ದು ಬರೀ ಮುನ್ನೆಚ್ಚರಿಕೆಗೆ.

ಉಳಿದದ್ದೆಲ್ಲ ಸಮಯದ ಲೆಕ್ಕ. 640×480ಕ್ಕೆ ಪಿಕ್ಸೆಲ್ ಗಡಿಯಾರ, ಅಂದರೆ ಚುಕ್ಕಿಗಳನ್ನು ಕಳಿಸುವ ವೇಗ, 25.175 ಮೆಗಾಹರ್ಟ್ಸ್ ಇರಬೇಕು. ಪಿಕೊದ 125 ಮೆಗಾಹರ್ಟ್ಸನ್ನು ಐದರಿಂದ ಭಾಗಿಸಿದರೆ ಸರಿಯಾಗಿ 25. ಕಾಣುವುದು 640 ಪಿಕ್ಸೆಲ್ ಆದರೂ ಒಂದು ಸಾಲಿಗೆ 800 ಪಿಕ್ಸೆಲ್ಲಿನಷ್ಟು ಹೊತ್ತು ಹಿಡಿಯುತ್ತದೆ. ಉಳಿದ 160 ಹಳೇ ಪಿಕ್ಚರ್ ಟ್ಯೂಬಿನ ಕಿರಣ ಬಲದಿಂದ ಎಡಕ್ಕೆ ವಾಪಸ್ ಓಡಲು ಕೊಡುತ್ತಿದ್ದ ಬಿಡುವು. ಹಾಗೆಯೇ 480 ಸಾಲಿಗೆ 525. ಲೆಕ್ಕ ಹಾಕಿದರೆ ಸೆಕೆಂಡಿಗೆ 59.52 ಚಿತ್ರ. ಸ್ಟ್ಯಾಂಡರ್ಡ್ ಹೇಳುವುದು 59.94. ಮಾನಿಟರ್ ತಕರಾರಿಲ್ಲದೆ ‘640×480, 60 ಹರ್ಟ್ಸ್’ ಎಂದು ತೋರಿಸಿ ಒಪ್ಪಿಕೊಂಡಿತು. ಕಿರಣವೇ ಇಲ್ಲದ ಎಲ್‌ಸಿಡಿ ಪರದೆಗೆ ಕಿರಣದ ವಿರಾಮವನ್ನು ನಾನಿನ್ನೂ ಕೊಡುತ್ತಿದ್ದೇನೆ! ಕೊಡಲೇಬೇಕು ಕೂಡ, ಆ ಬಿಡುವಿನಲ್ಲಿ ಬಣ್ಣದ ತಂತಿಗಳು ಸೊನ್ನೆಯಲ್ಲಿರಬೇಕು, ಅದನ್ನು ನೋಡಿಯೇ ಮಾನಿಟರ್ ‘ಕಪ್ಪು ಅಂದರೆ ಇಷ್ಟು’ ಎಂದು ಗುರುತು ಇಟ್ಟುಕೊಳ್ಳುವುದು.

ಮೆಮೊರಿ ಸ್ವಲ್ಪ ಬಿಗಿ. ಪಿಕೊದಲ್ಲಿರುವುದು 264 ಕೆಬಿ. ಪಿಕ್ಸೆಲ್ಲಿಗೊಂದು ಬೈಟ್ ಕೊಟ್ಟರೆ 3,07,200 ಬೈಟ್ ಬೇಕು, ಹಿಡಿಸುವುದಿಲ್ಲ. ಎರಡು ಪಿಕ್ಸೆಲ್ ಸೇರಿಸಿ ಒಂದು ಬೈಟಿನಲ್ಲಿ ಇಟ್ಟರೆ 1,53,600, ಆರಾಮ. ಕನ್ನಡ ಅಕ್ಷರ ಜೋಡಿಸುವ ಕೆಲಸವನ್ನು ಪಿಕೊಗೆ ಹಚ್ಚಲಿಲ್ಲ. ‘ನೀರು’, ‘ಕರೆಂಟ್ ಇದೆ’, ‘ಕರೆಂಟ್ ಇಲ್ಲ’, ‘ಮೋಟರ್ ಓಡ್ತಾ ಇದೆ’ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಚಿತ್ರ ಮಾಡಿ ಕೋಡಿನೊಳಗೆ ತುಂಬಿದೆ. ಒತ್ತಕ್ಷರದ ತಲೆನೋವು ತಪ್ಪಿತು.

ನ್ಯಾಯವಾಗಿ ಹೇಳಬೇಕೆಂದರೆ, ಇದೇ ಪಿಕೊದಿಂದ ಎಚ್‌ಡಿಎಂಐ ಟಿವಿ ಒಪ್ಪುವ, ಡಿವಿಐ ಎಂಬ ಡಿಜಿಟಲ್ ಸಿಗ್ನಲ್ ಹೊರಡಿಸಿದವರೂ ಇದ್ದಾರೆ. ಅದಕ್ಕೆ ಚಿಪ್ಪನ್ನು 252 ಮೆಗಾಹರ್ಟ್ಸಿಗೆ ಏರಿಸಬೇಕು, ಒಂದೊಂದು ಪಿಕ್ಸೆಲ್ಲನ್ನೂ ಹತ್ತು ಬಿಟ್ಟಿನ ಸಂಕೇತ ಮಾಡಿ ಕಳಿಸಬೇಕು. ಮೆಚ್ಚುವಂಥ ಸಾಹಸ. ಆದರೆ ಅಲ್ಲಿ ತಪ್ಪು ಹುಡುಕಲು ದುಬಾರಿ ಉಪಕರಣ ಬೇಕು; ಇಲ್ಲಿ ಹಸಿರಿನ ತಂತಿ ಕಳಚಿದರೆ ಬಿಳಿ ಅಕ್ಷರ ನೇರಳೆ ಆಗುತ್ತದೆ, ಅದೇ ಉಪಕರಣ.

ಕೇಬಲ್ ಉದ್ದದ ಪರೀಕ್ಷೆ

ಪಿಕೊ ಕೂತಿರುವುದು ಮನೆ ಹಿಂದಿನ ಪಂಪ್‌ಮನೆಯಲ್ಲಿ, ಸ್ಟಾರ್ಟರ್ ಪಕ್ಕ. ಪಿಕೊವನ್ನೇ ಜಗಲಿಗೆ ತಂದು ಸೆನ್ಸರ್ ತಂತಿಗಳನ್ನು ಎಳೆಯಬಹುದಿತ್ತು ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಹೌದು, ಎಳೆಯಬಹುದಿತ್ತು. ಆದರೆ ಫ್ಲೋಟ್ ಸ್ವಿಚ್ಚುಗಳು, ಮೂರು ಫೇಸಿನ ಆಪ್ಟೋಕಪ್ಲರುಗಳು (ಕರೆಂಟ್ ಬಂದಿದೆಯೇ ಎಂದು ಬೆಳಕಿನ ಮೂಲಕ ತಿಳಿಸುವ ಬಿಡಿಭಾಗ) ಎಲ್ಲ ಸೇರಿ ತಂತಿಯ ಕಂತೆ ಆಗುತ್ತಿತ್ತು. ವಿಜಿಎ ಎಷ್ಟು ದೂರ ಹೋಗುತ್ತದೆ ನೋಡುವ ಚಪಲವೂ ಇತ್ತು.

ಹದಿನೈದು ಮೀಟರಿನ ಆಚೆ ಚಿತ್ರ ಬಂತು. ಹತ್ತಿರ ಹೋಗಿ ನೋಡಿದರೆ ಪ್ರತಿ ಬಿಳಿ ಅಕ್ಷರದ ಬಲಕ್ಕೆ ತೆಳುವಾದ ಬೂದು ನೆರಳು, ನಾಲ್ಕು ಪಿಕ್ಸೆಲ್ ದೂರದಲ್ಲಿ. ಸಿಗ್ನಲ್ ಮಾನಿಟರಿನಿಂದ ಒಂದಿಷ್ಟು ಪುಟಿದು ವಾಪಸ್ ಬಂದು, ಪಿಕೊ ತುದಿಯಲ್ಲಿ 75 ಓಮ್ ಸಿಗದೆ ಮತ್ತೆ ಪುಟಿದು ಹೋಗುತ್ತಿದೆ. ಕೇಬಲಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್, ಹೋಗಿ ಬರಲು 30 ಮೀಟರ್, ಅಂದರೆ 150 ನ್ಯಾನೊಸೆಕೆಂಡ್. ಒಂದು ಪಿಕ್ಸೆಲ್ಲಿನ ಆಯಸ್ಸು 40. ಭಾಗಿಸಿ ನೋಡಿ, ನಾಲ್ಕಕ್ಕೆ ಸ್ವಲ್ಪ ಕಡಿಮೆ! ಲೆಕ್ಕ ಪರದೆಯ ಮೇಲೆ ಕಣ್ಣಿಗೆ ಕಾಣುವುದು ಅಪರೂಪ. ಪಿಕೊ ತುದಿಯನ್ನು ಸರಿಹೊಂದಿಸಲು ಹೋದರೆ ಪಿನ್ ಕೊಡಬಹುದಾದ್ದಕ್ಕಿಂತ ಹೆಚ್ಚು ಕರೆಂಟ್ ಬೇಕು, ಅದಕ್ಕೊಂದು ಬಫರ್ ಚಿಪ್ ಹಾಕಬೇಕು. ಅಕ್ಷರಗಳು ಅಂಗೈ ಅಗಲ ಇರುವುದರಿಂದ ಹಾಗೇ ಬಿಟ್ಟಿದ್ದೇನೆ.

ಸ್ಟಾರ್ಟರ್ ‘ಟಕ್’ ಎಂದು ಕಚ್ಚಿಕೊಂಡಾಗ ಚಿತ್ರ ಒಂದು ಕ್ಷಣ ನಡುಗುತ್ತದೆ, ಮರುಕ್ಷಣ ಸ್ವಸ್ಥಾನಕ್ಕೆ. ವಿಜಿಎ ಬಾಳಿದ ಇನ್ನರ್ಧ ಕಥೆ ಇದು ಎಂದು ನನ್ನ ಅಭಿಪ್ರಾಯ. ಡಿಜಿಟಲ್ ಸಿಗ್ನಲ್ ಒಂದು ಮಿತಿಯವರೆಗೆ ನಿಷ್ಕಳಂಕ, ಮಿತಿ ದಾಟಿದರೆ ಶೂನ್ಯ. ಅನಲಾಗ್ ಆದ ವಿಜಿಎ ಮಸುಕಾಗುತ್ತದೆ, ನೆರಳು ಬಿಡುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಆದರೂ ಓದಲು ಬರುತ್ತದೆ. ಡೇಟಾ ಸೆಂಟರಿನ ಸರ್ವರುಗಳ ಬೆನ್ನಿಗೆ ಇವತ್ತಿಗೂ ವಿಜಿಎ ಇರುವುದರ ಹಿಂದೆಯೂ ಇಂಥದೇ ವಿಚಾರ. ಸರ್ವರನ್ನು ದೂರದಿಂದ ನಿಗಾ ಮಾಡುವ ಪ್ರತ್ಯೇಕ ಚಿಪ್ಪಿನೊಳಗೇ ಒಂದು ಸಾದಾ ಗ್ರಾಫಿಕ್ಸ್ ಇರುತ್ತದೆ. ನೆಟ್‌ವರ್ಕ್ ಸತ್ತ ರಾತ್ರಿ ಯಾರೋ ತಳ್ಳುಗಾಡಿಯಲ್ಲಿ ಮಾನಿಟರ್ ತಳ್ಳಿಕೊಂಡು ಬಂದು ಸಿಕ್ಕಿಸಿದರೆ ಎರರ್ ಮೆಸೇಜ್ ಕಾಣಬೇಕು, ಅಷ್ಟೇ ಅದರ ಕೆಲಸ. ಜೊತೆಗೆ ವಿಜಿಎ ಪ್ಲಗ್ಗನ್ನು ಬಿಗಿಯುವ ಆ ಎರಡು ಸ್ಕ್ರೂ. ಎಚ್‌ಡಿಎಂಐ ಕೇಬಲ್ ತನ್ನ ಭಾರಕ್ಕೇ ಜಾರಿ ಬೀಳುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಪಂಪ್‌ಮನೆಯಲ್ಲಿ ಮೋಟರ್ ಅದುರುವಾಗ ನನಗೂ ಗೊತ್ತಾಯಿತು.

ಹಾಗಂತ ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಇದರಲ್ಲಿ ಸದ್ದು ಹೋಗುವುದಿಲ್ಲ. ಈ ಮಾನಿಟರಿನ ಸಹಜ ಅಳತೆ 1280×1024. ನನ್ನ 640 ಅಡ್ಡಕ್ಕೆ ಸರಿಯಾಗಿ ಎರಡು ಪಟ್ಟಾಗುತ್ತದೆ, 480 ಮಾತ್ರ 2.13 ಪಟ್ಟು. ಹಾಗಾಗಿ ಅಕ್ಷರದ ಅಡ್ಡಗೆರೆಗಳು ಕೆಲವು ದಪ್ಪ, ಕೆಲವು ತೆಳು. ಹೊಸ ಟಿವಿಗೆ, ಫೋಟೊ ಕೆಲಸಕ್ಕೆ ವಿಜಿಎ ಹಿಡಿದುಕೊಂಡು ಕೂರುವುದು ಹಟ, ಬೇರೇನಲ್ಲ.

ಈಗ ಎಲ್ಲಿಗೆ ಬಂತು

ಬೋರ್ಡು ಓಡುತ್ತಿದೆ. ಕರೆಂಟ್ ಹೋಗಿ ಬಂದರೆ ಮಾನಿಟರ್ ಮೊದಲೋ ಪಿಕೊ ಮೊದಲೋ ಎಂಬ ಪ್ರಶ್ನೆಯೇ ಇಲ್ಲ. ಯಾರು ಯಾವಾಗ ಎದ್ದರೂ ಚಿತ್ರ ಬರುತ್ತದೆ. ಮಾವ ಇನ್ನೊಂದು ಬೇಡಿಕೆ ಇಟ್ಟಿದ್ದಾರೆ, “ತ್ರೀ ಫೇಸ್ ಎಷ್ಟೊತ್ತಿಗೆ ಬಂತು ಅಂತ್ಲೂ ಬರ್ಲಿ.” ಅದಕ್ಕೆ ಬ್ಯಾಟರಿ ಇರುವ ಗಡಿಯಾರದ ಮಾಡ್ಯೂಲ್ ತರಿಸಬೇಕು. ಜಾಯಿನರ್ ಇರುವ ಜಾಗಕ್ಕೆ ಮಳೆಗೆ ಮುಂಚೆ ಪಿವಿಸಿ ಡಬ್ಬಿ ಹಾಕಬೇಕು. ಟ್ಯಾಂಕ್ ಅರ್ಧಕ್ಕಿಳಿದಾಗ ಈಗ ಹಳದಿ ತೋರಿಸುತ್ತಿದ್ದೇನೆ, ಅದು ಬಿಸಿಲಿಗೆ ಬಿಳಿಯಂತೆ ಕಾಣುತ್ತದೆ ಎಂದು ಅತ್ತೆಯ ದೂರು. ಎಂಟೇ ಬಣ್ಣ ಇರುವುದರಿಂದ ಆಯ್ಕೆ ಹೆಚ್ಚಿಲ್ಲ, ಮುಂದಿನ ಸಲ ಹೋದಾಗ ಆಕಾಶನೀಲಿ ಹಾಕಿ ನೋಡುವುದು.