ಹಳೆ ಪಿಕಪ್‌ನ ಒಳಗೆ ಗಾಳಿ ಎಲ್ಲಿಂದ ಬಂತು?

ನನ್ನ ಡೀಸೆಲ್ ಪಿಕಪ್ ತುಂಬಾ ಹಳೆಯದು. ಅದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳಿಲ್ಲ, ಎಂಜಿನ್ ಕೆಟ್ಟಿದೆ ಅಂತ ತೋರಿಸುವ ಲೈಟೂ ಇಲ್ಲ. ಏನಾದರೂ ಕೆಟ್ಟರೆ ಸದ್ದು, ಹೊಗೆ, ನಡುಕ ನೋಡಿಯೇ ತಿಳಿದುಕೊಳ್ಳಬೇಕು. ಈ ಕಾರಣಕ್ಕೇ ನನಗೆ ಆ ಗಾಡಿ ಇಷ್ಟ.

ಈಚೆಗೆ ಅದಕ್ಕೆ ಸ್ಟಾರ್ಟಿಂಗ್ ಟ್ರಬಲ್ ಶುರುವಾಯಿತು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸುಲಭಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಹೇಗೋ ಹಿಡಿದರೂ ಸ್ವಲ್ಪ ಹೊತ್ತು ಏರಿ ಇಳಿದು ನಡುಗುತ್ತಿತ್ತು, ಒಮ್ಮೊಮ್ಮೆ ಆಫ್ ಆಗಿಬಿಡುತ್ತಿತ್ತು. ಒಂದು ಸಲ ಸರಿಯಾಗಿ ಓಡಿತು ಅಂದರೆ ಸಂಜೆವರೆಗೂ ಚಿಂತೆಯಿಲ್ಲ. ಬಿಸಿಯಾಗಿದ್ದಾಗ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್.

ಪರಿಚಯದ ಮೆಕ್ಯಾನಿಕ್ ಒಬ್ಬರು ಸದ್ದು ಕೇಳಿ, "ಪಂಪ್ ಸವೆದಿದೆ ಸಾರ್, ಬಿಚ್ಚಿಬಿಡೋಣ" ಅಂದರು. ಅವರು ಹೇಳಿದ್ದು ಇಂಜೆಕ್ಷನ್ ಪಂಪ್ ಬಗ್ಗೆ, ಅಂದರೆ ಡೀಸೆಲ್ ಅನ್ನು ಜೋರು ಒತ್ತಡದಲ್ಲಿ ಸಿಲಿಂಡರ್‌ಗಳಿಗೆ ಕಳಿಸುವ ಪಂಪ್. "ಸ್ವಲ್ಪ ತಡೀರಿ, ಮೊದಲು ನಾನು ಒಂದು ಸಲ ನೋಡ್ತೀನಿ" ಅಂದೆ. ಅವರು ಹೇಳಿದ್ದು ಸಾಧ್ಯವೇ ಇಲ್ಲ ಅಂತಲ್ಲ. ಆದರೆ ಪಂಪ್ ಬಿಚ್ಚಿದರೆ ಟೈಮಿಂಗ್ (ಡೀಸೆಲ್ ಚಿಮ್ಮುವ ಸರಿಯಾದ ಹೊತ್ತು) ಮತ್ತೆ ಕೂರಿಸಬೇಕು, ಕ್ಯಾಲಿಬ್ರೇಷನ್ ಮಾಡಿಸಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ ಒಂದು ಸಾಕ್ಷಿಯಾದರೂ ಬೇಕಲ್ವಾ? ಅದೂ ಅಲ್ಲದೆ, ಇಂಜೆಕ್ಷನ್ ಪಂಪ್ ಒಳಗೆ ಸವೆದಿದ್ದರೆ ಸಾಮಾನ್ಯವಾಗಿ ಎಂಜಿನ್ ಬಿಸಿಯಾದಾಗಲೇ ಕಾಟ ಜಾಸ್ತಿ. ಬಿಸಿ ಡೀಸೆಲ್ ತೆಳುವಾಗುತ್ತದೆ, ಸವೆದ ಸಂದಿನಲ್ಲಿ ನುಸುಳಿಬಿಡುತ್ತದೆ, ಒತ್ತಡ ಏರುವುದಿಲ್ಲ. ನನ್ನ ಗಾಡಿಯದು ಇದಕ್ಕೆ ಪೂರ್ತಿ ಉಲ್ಟಾ.

ಮೊದಲು ಬ್ಯಾಟರಿ ನೋಡಿದೆ. ಸುಮ್ನೆ ನಿಂತಿದ್ದಾಗ 12.6 ವೋಲ್ಟ್ ಇತ್ತು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರಿನ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್‌ಗಳನ್ನೂ ಮೀಟರ್ ಹಿಡಿದು ನೋಡಿದೆ, ಎಲ್ಲವೂ ಒಂದು ಓಮ್ ಆಸುಪಾಸು. ಅಲ್ಲಿಗೆ ಆ ಕಡೆಯ ಅನುಮಾನ ಮುಗಿಯಿತು.

ಆಮೇಲೆ ಮನೆಯವರೊಬ್ಬರಿಗೆ ಕೀ ತಿರುಗಿಸಲು ಹೇಳಿ ನಾನು ಸೈಲೆನ್ಸರ್ ಹತ್ತಿರ ನಿಂತೆ. ಈ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್, ಕಂಪ್ರೆಷನ್, ಟೈಮಿಂಗ್ ಕಡೆ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಅಲ್ಲಿಗೆ ತಲುಪುತ್ತಿಲ್ಲ. ನನಗೆ ಒಂದೆಳೆ ಹೊಗೆಯೂ ಕಾಣಲಿಲ್ಲ. ಎಂಜಿನ್ನಿನ ಅರ್ಧ ಭಾಗ ಅನುಮಾನದಿಂದ ಹೊರಗೆ ಹೋಯಿತು. ಇಂಥ ಸಮಯದಲ್ಲಿ ಕೆಲವರು ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡುತ್ತಾರೆ. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ದಯವಿಟ್ಟು ಅದನ್ನು ಮಾಡಬೇಡಿ. ಕೆಂಪಗೆ ಕಾದ ಪ್ಲಗ್‌ಗೆ ಈಥರ್ ತಗುಲಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನೇ ಒಡೆಯಬಹುದು.

ನಿಜವಾದ ಸುಳಿವು ಕೊಟ್ಟಿದ್ದು ಗಾಡಿ ನಿಲ್ಲಿಸಿದ ಜಾಗ. ಮುಂಭಾಗ ಏರಿನ ಕಡೆಗಿಟ್ಟು ನಿಲ್ಲಿಸಿದ ರಾತ್ರಿಗಳ ಮರುದಿನವೇ ಈ ಕಾಟ. ಮುಂಭಾಗ ಇಳಿಜಾರಿಗೆ ಮಾಡಿ ನಿಲ್ಲಿಸಿದರೆ ಬೆಳಿಗ್ಗೆ ಥಟ್ಟನೆ ಸ್ಟಾರ್ಟ್. ಇದನ್ನು ಗಮನಿಸಿದ ಮೇಲೆ ಬೇಕಂತಲೇ ಎರಡೂ ಥರ ನಿಲ್ಲಿಸಿ ನೋಡಿದೆ. ಲೆಕ್ಕ ತಪ್ಪಲಿಲ್ಲ. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಕಾಟ ಇನ್ನೂ ಜಾಸ್ತಿ.

ಕಾರಣ ಸರಳ. ಟ್ಯಾಂಕ್ ಗಾಡಿಯ ಹಿಂಭಾಗದಲ್ಲಿದೆ. ಅಲ್ಲಿಂದ ಪಂಪ್‌ವರೆಗೆ ಡೀಸೆಲ್ ಅನ್ನು ಯಾರೂ ತಳ್ಳುವುದಿಲ್ಲ, ಮುಂದಿನಿಂದ ಎಳೆದುಕೊಳ್ಳಬೇಕು. ಸ್ಟ್ರಾದಲ್ಲಿ ಮೇಲೆಲ್ಲೋ ಸಣ್ಣ ತೂತಿದ್ದರೆ ಹೀರುವಾಗ ಏನಾಗುತ್ತದೋ ಇಲ್ಲೂ ಅದೇ. ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಗಾಡಿ ನಿಂತಾಗ ಆ ತೂತಿನಿಂದ ಗಾಳಿ ಸೇರಿಕೊಂಡು, ಪೈಪಿನಲ್ಲಿದ್ದ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತದೆ. ಎಂಜಿನ್ ಟ್ಯಾಂಕಿಗಿಂತ ಮೇಲಿದ್ದರೆ ಬೇಗ ಇಳಿಯುತ್ತದೆ, ಕೆಳಗಿದ್ದರೆ ಇಳಿಯುವುದೇ ಇಲ್ಲ. ಪಂಪ್‌ಗೆ ಗಾಳಿ ಸಿಕ್ಕಿದರೆ ಅದು ಎಷ್ಟೇ ಒತ್ತಿದರೂ ಪ್ರಯೋಜನವಿಲ್ಲ. ಗಾಳಿ ಕುಗ್ಗುತ್ತದೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ.

ಎಲ್ಲರೂ ಹುಡುಕುವುದು ನೆಲದ ಮೇಲಿನ ಹನಿಯನ್ನು. ನನ್ನ ಗಾಡಿಯ ಕೆಳಗೆ ಒಂದು ಹನಿಯೂ ಇರಲಿಲ್ಲ. ಅದನ್ನು ನೋಡಿ "ಲೀಕ್ ಇಲ್ಲ" ಅಂತ ತೀರ್ಮಾನಿಸುವುದು ತುಂಬಾ ಸುಲಭ. ಎಷ್ಟೋ ಒಳ್ಳೆಯ ಪಂಪ್‌ಗಳು ಇದೇ ತೀರ್ಮಾನದಿಂದ ಸುಮ್ನೆ ಬಿಚ್ಚಿಸಿಕೊಂಡಿರುತ್ತವೆ ಅನ್ನುವುದು ನನ್ನ ಅನಿಸಿಕೆ.

ಹಳೆ ಗಾಡಿಗಳಲ್ಲಿ ಈ ರೋಗ ಬರಲು ರಬ್ಬರ್ ಸೀಲ್‌ಗಳ ವಯಸ್ಸೂ ಕಾರಣ, ಡೀಸೆಲ್ ಬದಲಾಗಿದ್ದೂ ಕಾರಣ. 1993ರಲ್ಲಿ ಅಮೆರಿಕದಲ್ಲಿ ಗಂಧಕ ಕಡಿಮೆಯಿರುವ ಡೀಸೆಲ್ ಬಂದಾಗ, ಹಳೆಯ ನೈಟ್ರೈಲ್ ರಬ್ಬರ್ ಸೀಲ್‌ಗಳು ಕುಗ್ಗಿ ಎಷ್ಟೋ ಎಂಜಿನ್‌ಗಳಲ್ಲಿ ಲೀಕ್ ಶುರುವಾಗಿತ್ತು. ವರ್ಷಗಟ್ಟಲೆ ಒಂದು ಬಗೆಯ ಡೀಸೆಲ್‌ನಲ್ಲಿ ಉಬ್ಬಿ ಕೂತ ಸೀಲ್, ಇನ್ನೊಂದು ಬಗೆಯದು ಸಿಕ್ಕಾಗ ಹಿಡಿತ ಬಿಡುತ್ತದೆ.

ಈಗ ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕಿತ್ತು. ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ಒಂದು ತುಂಡು ತಂದು, ಫಿಲ್ಟರ್ ಮತ್ತು ಪಂಪ್ ನಡುವೆ ರಬ್ಬರ್ ಪೈಪಿನ ಜಾಗದಲ್ಲಿ ಹಾಕಿದೆ. ಫಿಲ್ಟರ್ ಮೇಲೆ ಕೈಯಲ್ಲಿ ಒತ್ತುವ ಚಿಕ್ಕ ಹ್ಯಾಂಡ್ ಪಂಪ್ ಇರುತ್ತದೆ, ಅದನ್ನು ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿದೆ. ಮೊದಲು ಬರುವ ಗುಳ್ಳೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಪೈಪ್ ಬಿಚ್ಚಿದಾಗ ಸೇರಿಕೊಂಡ ಗಾಳಿ ಅದು. ಎಂಜಿನ್ ಸುಮಾರು ಹೊತ್ತು ಓಡಲಿ ಅಂತ ಕಾದೆ. ಗುಳ್ಳೆ ನಿಲ್ಲಲಿಲ್ಲ. ರೇಸ್ ಕೊಟ್ಟರೆ ಸಾಲುಸಾಲಾಗಿ ಬರುತ್ತಿದ್ದವು. ಅದೇ ತುಂಡನ್ನು ಫಿಲ್ಟರ್‌ಗಿಂತ ಮುಂಚೆ ಹಾಕಿದೆ. ಅಲ್ಲಿ ಡೀಸೆಲ್ ಸ್ವಚ್ಛವಾಗಿ ಹರಿಯುತ್ತಿತ್ತು, ಗುಳ್ಳೆಯೇ ಇಲ್ಲ.

ಆದರೂ ಖಾತ್ರಿಗಾಗಿ ಇನ್ನೊಂದು ಪರೀಕ್ಷೆ ಮಾಡಿದೆ. ಟ್ಯಾಂಕಿನ ಪೈಪ್ ಬಿಚ್ಚಿ, ಒಂದು ಡಬ್ಬದಲ್ಲಿ ಸ್ವಚ್ಛ ಡೀಸೆಲ್ ಇಟ್ಟು ಅಲ್ಲಿಂದ ನೇರ ಫಿಲ್ಟರ್‌ಗೆ ಕೊಟ್ಟೆ. ಡಬ್ಬವನ್ನು ನೆಲದ ಮೇಲೇ ಇಡಬೇಕು. ಬಾನೆಟ್ ಹತ್ತಿರ ಎತ್ತರದಲ್ಲಿಟ್ಟರೆ ಡೀಸೆಲ್ ತಾನಾಗಿ ಇಳಿಯುತ್ತದೆ, ಎಳೆಯುವ ಕೆಲಸವೇ ಇರುವುದಿಲ್ಲ, ಲೀಕ್ ಮುಚ್ಚಿಹೋಗುತ್ತದೆ. ಪೈಪ್ ತುಂಡನ್ನು ಮತ್ತೆ ಫಿಲ್ಟರ್ ಆಚೆಗೆ ಹಾಕಿದಾಗ ಗುಳ್ಳೆಗಳು ಹಾಗೇ ಬಂದವು. ಅಂದರೆ ಟ್ಯಾಂಕ್‌ನಿಂದ ಬರುವ ಉದ್ದನೆಯ ಲೈನ್ ನಿರ್ದೋಷಿ. ಗಾಳಿ ಹೊಕ್ಕುತ್ತಿದ್ದದ್ದು ಫಿಲ್ಟರ್ ಹೆಡ್‌ನಲ್ಲೇ, ಅಂದರೆ ಫಿಲ್ಟರ್ ಕೂರುವ, ಪೈಪ್‌ಗಳು ಬಂದು ಸೇರುವ ಭಾಗದಲ್ಲೇ.

ಫಿಲ್ಟರ್ ಹೆಡ್‌ನಲ್ಲಿ ಅನುಮಾನದ ಜಾಗಗಳು ಕಡಿಮೆ. ಫಿಲ್ಟರ್‌ನ ದೊಡ್ಡ ರಿಂಗ್, ಪೈಪ್ ಜಾಯಿಂಟಿನ ವಾಷರ್‌ಗಳು, ಕೆಳಗಿನ ನೀರು ತೆಗೆಯುವ ಸ್ಕ್ರೂ, ಮೇಲಿನ ಹ್ಯಾಂಡ್ ಪಂಪ್. ಒಂದೊಂದಕ್ಕೇ ಗ್ರೀಸ್ ಮೆತ್ತಿ, ಪೈಪ್ ನೋಡುತ್ತಾ ನಿಂತೆ. ಗ್ರೀಸ್ ದುರಸ್ತಿಯಲ್ಲ, ಆದರೆ ಗಾಳಿ ಬರುವ ಸಂದು ಮುಚ್ಚಿದರೆ ಸ್ವಲ್ಪ ಹೊತ್ತು ಗುಳ್ಳೆ ನಿಲ್ಲಲೇಬೇಕು. ರಿಂಗ್‌ಗೆ ಮೆತ್ತಿದಾಗ ಏನೂ ಆಗಲಿಲ್ಲ. ವಾಷರ್, ಸ್ಕ್ರೂ, ಅಲ್ಲೂ ಇಲ್ಲ. ಹ್ಯಾಂಡ್ ಪಂಪ್‌ನ ಕಡ್ಡಿ ಒಳಗೆ ಹೋಗುವ ಜಾಗಕ್ಕೆ ಮೆತ್ತಿದ ಕೂಡಲೇ ಗುಳ್ಳೆ ಕಡಿಮೆಯಾಗಿ, ಪೈಪಿನ ತುಂಬ ಬರೀ ಡೀಸೆಲ್ ಕಾಣಿಸಿತು. ಆ ಹೊತ್ತಿನ ಖುಷಿಯನ್ನು ಹೇಳದೆ ಇರಲಾರೆ. ಬೆಳಿಗ್ಗೆಯ ಕಾಟ, ಏರಿನ ಲೆಕ್ಕ, ಕಾಣದ ಹೊಗೆ, ಎಲ್ಲವೂ ಕಿರುಬೆರಳಿಗಿಂತ ಚಿಕ್ಕ ಒಂದು ರಬ್ಬರ್ ಸೀಲ್‌ಗೆ ಬಂದು ಸೇರಿದವು.

ಬಿಚ್ಚಿ ನೋಡಿದರೆ ಸೀಲ್ ಗಟ್ಟಿಯಾಗಿ, ಅಂಚು ಸವೆದಿತ್ತು. ಹೊಸದು ಹಾಕಿ, ಹೇಗೂ ತೆಗೆದಿದ್ದೇನಲ್ಲ ಅಂತ ಜಾಯಿಂಟಿನ ವಾಷರ್‌ಗಳನ್ನೂ ಬದಲಿಸಿದೆ. ಏರ್ ತೆಗೆದು, ಆ ರಾತ್ರಿ ಗಾಡಿಯ ಮುಂಭಾಗವನ್ನು ಬೇಕಂತಲೇ ಏರಿಗೆ ಮಾಡಿ ನಿಲ್ಲಿಸಿದೆ. ಬೆಳಿಗ್ಗೆ ಹೀಟರ್ ಲೈಟ್ ಆರಿದ ತಕ್ಷಣ ಕೀ ತಿರುಗಿಸಿದೆ, ಎಂಜಿನ್ ಹಿಡಿಯಿತು, ನಡುಕವೂ ಇಲ್ಲ.

ಮೆಕ್ಯಾನಿಕ್‌ಗೆ ಹಳೆ ಸೀಲ್ ತೋರಿಸಿದಾಗ ಅವರು ಅದನ್ನು ಬೆರಳಲ್ಲಿ ಒತ್ತಿ ನೋಡಿ, ಆ ಪಾರದರ್ಶಕ ಪೈಪ್ ಎಲ್ಲಿ ಸಿಗುತ್ತೆ ಅಂತ ಕೇಳಿದರು. ನನ್ನ ತುಂಡನ್ನೇ ಅವರಿಗೆ ಕೊಟ್ಟೆ. ಗಾಡಿಗೆ ಮತ್ತೆ ರಬ್ಬರ್ ಪೈಪನ್ನೇ ಹಾಕಿದ್ದೇನೆ. ಎಂಜಿನ್ನಿನ ಬಿಸಿಗೆ ಆ ಪ್ಲಾಸ್ಟಿಕ್ ಗಟ್ಟಿಯಾಗಿ ಕ್ಲಿಪ್ ಹತ್ತಿರ ಸೀಳಿದರೆ, ಅಲ್ಲಿಂದಲೇ ಮತ್ತೆ ಗಾಳಿ ಶುರುವಾಗುತ್ತದೆ.