ಮರಗಸಿಗೆ ಮೊದಲು ಪೊಟರೆ ನೋಡಿ

ಮಾರ್ಚ್ 15, 2026, ಭಾನುವಾರ
ಬೇಲೂರು ತಾಲ್ಲೂಕು

ಕಾಫಿ ಹೂ ಅರಳಿಸುವ ಹೂಮಳೆ ಮುಗಿದ ಮೇಲೆ ತೋಟಗಳಲ್ಲಿ ಮರಗಸಿಯದೇ, ಎಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದರದೇ ಮಾತು. ಕತ್ತಿ ಹಿಡಿದು ಮರ ಹತ್ತುವವರು ಮೊದಲು ಕೈಹಾಕುವುದು ಒಣಗಿದ, ಟೊಳ್ಳಾದ ಕೊಂಬೆಗಳಿಗೆ. ಹಾಲಕ್ಕಿ ಎಂಬ ಪುಟ್ಟ ಗೂಬೆ ಮೊಟ್ಟೆಯಿಟ್ಟು ಮರಿ ಮಾಡುವುದು ಅದೇ ಟೊಳ್ಳಿನಲ್ಲಿ, ಹೆಚ್ಚಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಹಾಗಾಗಿ ಇವತ್ತಿನ ಪುಟ ಗೂಬೆಗಳ ಮನೆ ಗುರುತಿಸುವುದಕ್ಕೆ ಮೀಸಲು.

ಗೂಬೆ ಹುಡುಕುವಾಗ ಕೊಂಬೆಗಿಂತ ಮೊದಲು ಬುಡ ನೋಡಬೇಕು. ಒಂದೇ ಜಾಗದಲ್ಲಿ ಕಾಫಿ ಎಲೆಗಳ ಮೇಲೆ, ಕಾಂಡದ ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ ಹಿಕ್ಕೆ ಬಿದ್ದಿದ್ದರೆ ಮೇಲೆ ಯಾರೋ ಹಗಲಿಡೀ ಕೂರುತ್ತಾರೆ ಎಂದರ್ಥ. ಬೆಳ್ಳಕ್ಕಿಗಳು ರಾತ್ರಿ ತಂಗುವ ಮರದ ಕೆಳಗೂ ಬಿಳಿ ಇರುತ್ತದೆ. ಆದರೆ ಅದು ಮರದಗಲಕ್ಕೂ ಹರಡಿರುತ್ತದೆ, ಮೀನಿನ ವಾಸನೆ ಹೊಡೆಯುತ್ತದೆ. ಗೂಬೆಯದಾದರೆ ಹಿಕ್ಕೆಯ ನಡುವೆ ಉಂಡೆಗಳು ಸಿಗಬೇಕು.

ಈ ಉಂಡೆ ಹಿಕ್ಕೆಯಲ್ಲ, ಬಾಯಿಂದ ಕಕ್ಕಿದ್ದು. ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತದೆ. ಹದ್ದು, ಗಿಡುಗಗಳ ಹೊಟ್ಟೆಯ ಆಮ್ಲ ಎಲುಬನ್ನೂ ಬಹುಮಟ್ಟಿಗೆ ಕರಗಿಸುತ್ತದೆ, ಗೂಬೆಯದು ಅಷ್ಟು ತೀಕ್ಷ್ಣವಲ್ಲ. ಕರಗದ ಕೂದಲು, ಮೂಳೆ ಒತ್ತಿ ಉಂಡೆಯಾಗಿ ಹೊರಬರುತ್ತದೆ. ಇವತ್ತು ಹಳೇ ಗೋದಾಮಿನ ತೊಲೆಯ ಕೆಳಗೆ ಬಿದ್ದಿದ್ದು ಕಣಜ ಗೂಬೆಯದು: ಹೆಬ್ಬೆರಳ ಗಾತ್ರ, ಕಪ್ಪಗೆ, ಅರಗು ಸವರಿದಂತೆ ಹೊಳಪು. ಹೊಳಪಿದ್ದರೆ ಹೊಸದು. ಬೂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರುವಂತಿದ್ದರೆ ಹಳೆಯದು, ಗೂಬೆ ಜಾಗ ಬದಲಿಸಿರಲೂಬಹುದು. ಬಿಡಿಸಿ ನೋಡುವವರು ಕೈಗವಸು ಹಾಕಿ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಚಿಮುಟದಿಂದ ಕೂದಲು ಬಿಡಿಸಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮುಂದೆ ಹಳದಿ ಬಣ್ಣದ ಉದ್ದ ಬಾಗಿದ ಹಲ್ಲು, ಆಮೇಲೆ ಖಾಲಿ ಜಾಗ, ಹಿಂದೆ ದವಡೆಹಲ್ಲು ಇದ್ದರೆ ಅದು ಇಲಿಯ ತಲೆಬುರುಡೆ. ಖಾಲಿ ಜಾಗವಿಲ್ಲದೆ ಚೂಪು ಹಲ್ಲುಗಳ ಸಾಲಿದ್ದರೆ ಸುಂಡಿಲಿ. ಉಂಡೆ ಚಿಕ್ಕದಾಗಿದ್ದು ಒಳಗೆಲ್ಲ ಜೀರುಂಡೆಯ ರೆಕ್ಕೆ ಚಿಪ್ಪೇ ತುಂಬಿದ್ದರೆ ಹಾಲಕ್ಕಿಯದಿರಬಹುದು.

ಕಣಜ ಗೂಬೆಗೆ ಮನುಷ್ಯರ ಕಟ್ಟಡವೇ ಇಷ್ಟ: ಪಾಳು ಮನೆಯ ಅಟ್ಟ, ಗೋದಾಮು, ದೇವಸ್ಥಾನದ ಗೋಪುರದ ಸಂದು. ಕೊಂಬಿನ ಗೂಬೆ ಮಲೆನಾಡ ಕತ್ತಲಿಗಿಂತ ಅರಸೀಕೆರೆ, ಕಡೂರು ಕಡೆಯ ಬಂಡೆಗುಡ್ಡ, ಕೆಲಸ ನಿಂತ ಕಲ್ಲುಕ್ವಾರಿಗಳ ಹಕ್ಕಿ. ಗೂಡು ಕಟ್ಟದೆ ಬಂಡೆಯ ಅಂಚಿನ ಬರೀ ಮಣ್ಣಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಮೊದಲ ಏಟು ಅದಕ್ಕೆ. ಮೀನುಗೂಬೆ ಭದ್ರಾ, ಹೇಮಾವತಿ ದಡದ ದಟ್ಟ ಎಲೆಯ ದೊಡ್ಡ ಮರ ಬಿಟ್ಟು ದೂರ ಹೋಗುವುದಿಲ್ಲ. ಅದರ ಕಾಲಿಗೆ ಗರಿಯಿಲ್ಲ, ಬೆರಳಿನಡಿ ಮುಳ್ಳುಮುಳ್ಳು ಹುರುಪೆ, ಜಾರುವ ಮೀನು ಹಿಡಿಯಲು.

ತೋಟದವರಿಗೆ ಮುಖ್ಯವಾದದ್ದು ಹಾಲಕ್ಕಿ. ಬುಡಬುಡಿಕೆಯವರು ಬೆಳಗಿನ ಜಾವ ಬಾಗಿಲಿಗೆ ಬಂದು ಅದರ ನುಡಿ ಹೇಳುತ್ತಾರಲ್ಲ, ಅದೇ. ಮೈನಾಕ್ಕಿಂತ ತುಸು ದಪ್ಪ, ಮೈತುಂಬ ಬಿಳಿ ಚುಕ್ಕಿ. ಮರ ಕೊರೆಯುವ ಕೊಕ್ಕು ಅದಕ್ಕಿಲ್ಲ. ಮರಕುಟಿಗ ಬಿಟ್ಟುಹೋದ ತೂತು, ಕೊಂಬೆ ಮುರಿದ ಕಡೆ ನೀರಿಳಿದು ಕೊಳೆತ ಪೊಟರೆ, ಇವೇ ಗತಿ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಪೊಟರೆ ಅಪರೂಪ. ಹಳೇ ಅತ್ತಿ, ಬಸರಿ, ಹಲಸು, ಹಾಲವಾಣ ಕಡಿದು ಓಕ್ ಒಂದನ್ನೇ ನಿಲ್ಲಿಸಿದ ತೋಟದಲ್ಲಿ ಮೆಣಸು ಚೆನ್ನಾಗಿ ಹಬ್ಬಬಹುದು, ಹಾಲಕ್ಕಿಗೆ ಮಾತ್ರ ಮನೆಯಿಲ್ಲ. ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಪೊಟರೆಯಲ್ಲಿ ಹಕ್ಕಿಯಿದೆಯೇ ಎಂದು ತಿಳಿಯಲು ಕೋಲು ತುರುಕುವುದು, ಕಾಂಡ ಬಡಿಯುವುದು ಬೇಡ. ಕಾವಿಗೆ ಕೂತ ಹೆಣ್ಣು ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಹಗಲು ಹೊರಬಿದ್ದರೆ ಕಾಗೆ, ಕಾಜಾಣ ಅಟ್ಟಿಸಿಕೊಂಡು ಹೋಗುತ್ತವೆ. ಸಂಜೆ ಆರೂಕಾಲರಿಂದ ಏಳರವರೆಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಾತಿಲ್ಲದೆ ಕೂರಿ. ಕತ್ತಲಾಗುವ ಮುಂಚೆಯೇ ಪೊಟರೆಯ ಬಾಯಲ್ಲಿ ಮುಖ ಕಾಣಿಸುತ್ತದೆ. ಒಂದು ಸಂಜೆ ಕಾಣದಿದ್ದರೆ ಇನ್ನೊಂದು ಸಂಜೆ ನೋಡಿ. ಕಂಡರೆ ಆ ಮರಕ್ಕೆ ಬಣ್ಣದ ಬಟ್ಟೆ ಕಟ್ಟಿ, ಮರಗಸಿ ಮೇಸ್ತ್ರಿಗೆ ಮರದ ಹತ್ತಿರವೇ ನಿಂತು ತೋರಿಸಿ. ಬಾಯಲ್ಲಿ ಹೇಳಿದ್ದು ಕೆಲಸದ ಭರದಲ್ಲಿ ಮರೆತುಹೋಗುತ್ತದೆ. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಎರಡು ತಿಂಗಳು. ಆ ಕೊಂಬೆಯನ್ನು ಮೇ ಮಧ್ಯದವರೆಗೆ ಬಿಟ್ಟು ಬೇರೆ ಕೊಂಬೆ ತೆಗೆದರೂ ಮಳೆಗಾಲಕ್ಕೆ ಮುಂಚೆ ನೆರಳು ಹದಕ್ಕೆ ಬರುತ್ತದೆ.

ಕೊಂಬೆ ಬಿದ್ದೇ ಬಿಟ್ಟು ಮರಿ ಸಿಕ್ಕರೆ ಹಾಲು, ಅನ್ನ ತಿನ್ನಿಸಬೇಡಿ, ಕೊಕ್ಕಿಗೆ ನೀರು ಹಾಕಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಗಾಯವಿಲ್ಲದಿದ್ದರೆ ಟೊಳ್ಳು ಕೊಂಬೆಯ ತುಂಡನ್ನೇ, ತಳ ಮುಚ್ಚಿರುವಂತೆ ನೋಡಿ, ಅದೇ ಮರಕ್ಕೆ ಆದಷ್ಟು ಎತ್ತರದಲ್ಲಿ ಹಗ್ಗದಿಂದ ಬಿಗಿದು ಮರಿಯನ್ನು ಒಳಗಿಡಿ. ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಕತ್ತಲಾದ ಮೇಲೆ ಮರಿಯ ಕೂಗು ಕೇಳಿ ತಾಯಿ ಬರುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೂಬೆಗಳಿಗೂ ಅನ್ವಯಿಸುತ್ತದೆ.

ಇಲಿ ಪಾಷಾಣದ ವಿಷಯ. ಬ್ರೋಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಬಯಲಲ್ಲಿ ಓಡಾಡುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದು ಅಂಥದ್ದೇ. ವಿಷ ಇಲಿಯ ಪಿತ್ತಜನಕಾಂಗದಲ್ಲಿ ಉಳಿದಿರುತ್ತದೆ, ಗೂಬೆಯ ಮೈಯಲ್ಲೂ ಹಾಗೇ ಸೇರುತ್ತಾ ಹೋಗಿ ಒಳಗೇ ರಕ್ತ ಸೋರಿ ಸಾಯುತ್ತದೆ. ಗೋದಾಮಿನ ತೊಲೆಯಲ್ಲಿ ಕಣಜ ಗೂಬೆಯಿದ್ದರೆ ಅಲ್ಲಿ ಬೋನು ಇಡಿ. ವಿಷ ಇಟ್ಟೇ ಆಗಿದ್ದರೆ ದಿನಾ ಬೆಳಿಗ್ಗೆ, ಸಂಜೆ ಸತ್ತ ಇಲಿ ಆಯ್ದು ಆಳವಾಗಿ ಹೂಳಿ.