ಐಇಪಿ ಹಾಳೆಯಲ್ಲಿ ಗುರಿ ಬರೆಯುವ ಮುನ್ನ

ಜೂನ್‌ನಲ್ಲಿ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ, ತಾಲ್ಲೂಕು ಮಟ್ಟದ) ಶಿಕ್ಷಕರು ಐಇಪಿ ಹಾಳೆ, ಅಂದರೆ ಒಂದೊಂದು ಮಗುವಿಗೂ ಬೇರೆಯಾಗಿ ಬರೆಯುವ ಕಲಿಕೆಯ ಯೋಜನೆ, ಹಿಡಿದು ಬರುವ ಹೊತ್ತಿಗೆ ಆಟಿಸಂ ಇರುವ ಮಗುವಿನ ಹೆಸರಿನ ಮುಂದೆ ಮೂರು ಗುರಿ ಅಚ್ಚು ಹಾಕಿದಂತೆ ಬಂದು ಕೂತಿರುತ್ತವೆ: ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸುವನು, 20 ನಿಮಿಷ ಅಲುಗಾಡದೆ ಕೂಡುವನು, ಹೇಳಿದ್ದನ್ನೇ ಹೇಳುವುದನ್ನು ಬಿಡುವನು. ಶಾಲೆ ಹುಬ್ಬಳ್ಳಿಯದಾಗಲಿ ಕುಂದಗೋಳದ್ದಾಗಲಿ, ಮಗು ಯಾವುದೇ ಇರಲಿ, ಗುರಿ ಮಾತ್ರ ಅವೇ. ಇದು ಕೈಗೂಡಿದರೆ ಮಗುವಿಗೆ ಏನು ಸಿಗುತ್ತದೆ ಎಂದು ಒಂದೊಂದಕ್ಕೂ ಕೇಳಿ ನೋಡಿ. ಸುತ್ತಲಿನವರಿಗೆ ಸಮಾಧಾನ ಸಿಗುತ್ತದೆ, ಅಷ್ಟೆ.

ನ್ಯೂರೋಡೈವರ್ಸಿಟಿಯನ್ನು, ಅಂದರೆ ಮಿದುಳು ಕೆಲಸ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು ಎಂಬುದನ್ನು, ಒಪ್ಪಿ ಗುರಿ ಬರೆಯುವುದೆಂದರೆ, ಮಗು ಉಳಿದವರ ಹಾಗೆ ಕಾಣಲಿ ಎಂಬ ಆಸೆಯನ್ನು ಹಾಳೆಯಿಂದ ತೆಗೆದುಹಾಕುವುದು. ಕಣ್ಣು ನೋಡುವುದಕ್ಕೇ ಗಮನವೆಲ್ಲ ಖರ್ಚಾದರೆ ಪಾಠ ಕಿವಿಗೆ ಬೀಳುವುದಿಲ್ಲ ಎಂದು ಆಟಿಸಂ ಇರುವ ದೊಡ್ಡವರೇ ಹೇಳುತ್ತಾರೆ. ಕೈ ಆಡಿಸುವುದು, ಮೈ ತೂಗುವುದು ಎಷ್ಟೋ ಮಕ್ಕಳಿಗೆ ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳುವ ದಾರಿ. ಅದನ್ನು ದಿನವಿಡೀ ತಡೆಸಿದರೆ ಶಾಲೆಯಲ್ಲಿ ಬಂಗಾರದಂಥ ಹುಡುಗ ಮನೆಯ ಹೊಸ್ತಿಲು ದಾಟಿದ ಕೂಡಲೇ ಕಿರುಚಾಡುತ್ತಾನೆ. ಆಮೇಲೆ ‘ನಮ್ಮ ಸಾಲ್ಯಾಗ ಛಲೋ ಇರ್ತಾನ್ರಿ, ನೀವ ಸಲಿಗಿ ಕೊಟ್ಟೀರಿ’ ಎಂಬ ಮಾತು ತಾಯಿಯ ಪಾಲಿಗೆ ಬರುತ್ತದೆ.

ಬಿಸಿಯೂಟದ ಹೊತ್ತನ್ನೇ ತೆಗೆದುಕೊಳ್ಳೋಣ. ‘ಪಂಕ್ತಿಯಲ್ಲಿ ಗಲಾಟೆ ಮಾಡದೆ ಊಟ ಮುಗಿಸುವನು’ ಎಂದು ಬರೆಯುವ ಮುನ್ನ ಒಂದು ವಾರ ಬರೀ ನೋಡಬೇಕು. ಕಿವಿ ಮುಚ್ಚಿದ್ದು ಯಾವಾಗ, ಸಾರಿನ ವಾಸನೆಗೋ ಸ್ಟೀಲ್ ತಾಟುಗಳ ಸದ್ದಿಗೋ, ಪಕ್ಕದಲ್ಲಿ ಯಾರಿದ್ದರು, ಅದಕ್ಕೆ ಮುಂಚಿನ ಪಿರಿಯಡ್‌ನಲ್ಲಿ ಏನಾಗಿತ್ತು ಎಂದು ಗುರುತು ಹಾಕಿಕೊಳ್ಳಿ. ಊಟವಾದ ಮೇಲೆ ತಾಟುಗಳನ್ನು ಬುಟ್ಟಿಗೆ ಎಸೆಯುವ ಸದ್ದೇ ಕಾರಣ ಎಂದು ಗೊತ್ತಾದರೆ ಗುರಿಯ ಅರ್ಧ ಭಾಗ ದೊಡ್ಡವರ ಮೇಲೆ ಬೀಳುತ್ತದೆ. ಹೀಗೆ ಬರೆಯಬಹುದು:

‘ಮಗುವಿಗೆ ಉಳಿದವರಿಗಿಂತ 10 ನಿಮಿಷ ಮೊದಲು, ವರಾಂಡದ ತುದಿಯಲ್ಲಿ ಊಟ ಬಡಿಸಲಾಗುವುದು. ತಾಟುಗಳನ್ನು ಎಸೆಯದೆ ಜೋಡಿಸಿಡಲಾಗುವುದು. ಸದ್ದು ತಡೆಯದಾದಾಗ ಮಗು ಬಿಡುವು ಕೇಳುವ ಕಾರ್ಡ್ ತೋರಿಸಿ, ಕೈಸನ್ನೆ ಮಾಡಿ ಅಥವಾ ಮಾತಿನಲ್ಲಿ ತಿಳಿಸಿ ಹೊರಗೆ ಹೋಗುವುದು. ಮೊದಲ ತಿಂಗಳು ಶಿಕ್ಷಕಿ ಕಾರ್ಡ್ ತೋರಿಸಿ ನೆನಪಿಸುವರು. ದಸರಾ ರಜೆಯೊಳಗೆ ನೆನಪಿಸದೆಯೂ ಮಗು ಅದನ್ನು ಬಳಸುವುದು.’

ಇದು ಕೆಡುವುದು ಸಣ್ಣ ಸಣ್ಣ ಕಾರಣಕ್ಕೆ. ಕಾರ್ಡ್ ಅಕ್ಕೋರ ಕಪಾಟಿನಲ್ಲಿರುತ್ತದೆ, ಮಗುವಿನ ಕೊರಳಲ್ಲೋ ಕಂಪಾಸ್ ಪೆಟ್ಟಿಗೆಯಲ್ಲೋ ಇರುವುದಿಲ್ಲ. ಅಥವಾ ಮಗು ಕಾರ್ಡ್ ತೋರಿಸಿದಾಗ ‘ಐದ ಮಿನಿಟ್ ತಡಿ’ ಎನ್ನುತ್ತಾರೆ. ಮೊದಲ ವಾರಗಳಲ್ಲಿ ನಾಲ್ಕು ಸಲ ಹಾಗಾದರೆ ಕಾರ್ಡ್‌ಗೆ ಬೆಲೆ ಇಲ್ಲ, ಕಿರುಚಿದರೇ ಕೆಲಸವಾಗುತ್ತದೆ ಎಂದು ಮಗು ಕಲಿಯುತ್ತದೆ. ಅದಕ್ಕೇ ಆರಂಭದಲ್ಲಿ ಮಗು ಎಷ್ಟು ಸಲ ಕೇಳಿತು ಎಂಬುದರ ಜೊತೆಗೆ ದೊಡ್ಡವರು ಎಷ್ಟು ಸಲ ಕೂಡಲೇ ಬಿಟ್ಟರು ಎಂಬುದನ್ನೂ ಬರೆದಿಡಬೇಕು.

ಎಲ್ಲ ಗುರಿಗೂ ‘ಶೇ. 80 ನಿಖರತೆ’ ಎಂದು ಬರೆಯುವ ಗೀಳಂತೂ ಬಿಡಲೇಬೇಕು. ಬಿಡುವು ಕೇಳುವ ಗುರಿಗೆ ಶೇ. 80 ಎಂದರೆ ಯಾವುದರ 80? ಅವನಿಗೆ ಬಿಡುವು ಎಷ್ಟು ಸಲ ಬೇಕಾಗಿತ್ತೆಂದು ಲೆಕ್ಕ ಇಟ್ಟವರು ಯಾರು? ಇಂಥಲ್ಲಿ ಎಷ್ಟು ಸಹಾಯ ಬೇಕಾಯಿತು, ಎಷ್ಟು ಜಾಗಗಳಲ್ಲಿ, ಎಷ್ಟು ಜನರ ಹತ್ತಿರ ಬಳಸಿತು ಎಂದು ಅಳೆಯುವುದು ಸರಿ. ಓದು, ಲೆಕ್ಕದ ಗುರಿಗೆ ಬೇಕಿದ್ದರೆ ಶೇಕಡಾವಾರು ಇರಲಿ.

ಹೇಳಿದ್ದನ್ನೇ ಹೇಳುವುದಕ್ಕೂ ಬಹಳ ಸಲ ಅರ್ಥ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದನಿಯಲ್ಲಿ ‘ಮುಂದಿನ ನಿಲ್ದಾಣ ಉಣಕಲ್’ ಎಂದು ಗಣಿತದ ಪಿರಿಯಡ್‌ನಲ್ಲಿ ಪದೇಪದೇ ಹೇಳುವ ಮಗು ‘ಇದು ಮುಗೀತು, ಏಳೋಣ’ ಎನ್ನುತ್ತಿರಬಹುದು. ಯಾವ ಸಂದರ್ಭದಲ್ಲಿ ಯಾವ ಸಾಲು ಬರುತ್ತದೆ ಎಂದು ಮನೆಯವರನ್ನು ಕೇಳಿ ಪಟ್ಟಿ ಮಾಡಿ. ಆಗ ‘ಪುನರುಚ್ಚಾರ ಕಡಿಮೆ ಮಾಡುವನು’ ಎಂಬ ಗುರಿ ತಾನಾಗಿಯೇ ಬಿದ್ದುಹೋಗುತ್ತದೆ. ಶಿಕ್ಷಕರು ಆ ಸಾಲಿನ ಅರ್ಥಕ್ಕೆ ಉತ್ತರಿಸಿ, ‘ಮುಗೀತು, ಏಳೋಣು’ ಎಂದು ಸಹಜವಾಗಿ ಹೇಳಿ ತೋರಿಸುವರು ಎಂಬುದು ಅದರ ಜಾಗಕ್ಕೆ ಬರುತ್ತದೆ. ಮಗುವನ್ನು ಅದೇ ಸಾಲು ಹೇಳೆಂದು ಒತ್ತಾಯಿಸುವುದು ಬೇಡ. ಇನ್ನೊಂದು, ಚಿಗರಿ ಎಂದರೆ ಪ್ರಾಣ ಎಂದು ಗೊತ್ತಾದ ಕೂಡಲೇ ಅದನ್ನು ಆಮಿಷ ಮಾಡಬೇಡಿ. ನಿಲ್ದಾಣಗಳ ನಡುವಿನ ದೂರವನ್ನೇ ಕೂಡುವ ಲೆಕ್ಕ ಮಾಡಿ.

ಗೆಳೆತನದ ಗುರಿಗಳ ಬಗ್ಗೆ ಎಚ್ಚರ ಬೇಕು. ಆಟಿಸಂ ಇರುವವರಿಗೂ ಇಲ್ಲದವರಿಗೂ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವ ತೊಡಕು ಎರಡೂ ಕಡೆಯದು ಎಂದು ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದರು. ಅವರಿಗೂ ಆಟಿಸಂ ಇದೆ. ಹಾಗಾಗಿ ‘ಬಿಡುವಿನಲ್ಲಿ ಮೂವರೊಡನೆ ಮಾತು ಆರಂಭಿಸುವನು’ ಎಂದು ಒಬ್ಬನ ತಲೆಗೇ ಕಟ್ಟುವುದು ಅನ್ಯಾಯ. ಒಂಟಿಯಾಗಿ ಬೇವಿನ ಗಿಡದ ಕೆಳಗೆ ಕೂತದ್ದು ಅವನಿಗೆ ವಿಶ್ರಾಂತಿಯೂ ಆಗಿರಬಹುದು. ಅವನಿಗೇ ಕೇಳಿ. ಮಾತು ಕಡಿಮೆ ಇದ್ದರೆ ಶಾಲೆಯ ಐದಾರು ಜಾಗಗಳ ಫೋಟೊ ಕೊಟ್ಟು, ‘ಸೇರತೈತಿ’, ‘ಸೇರಂಗಿಲ್ಲ’ ಎಂದು ಎರಡು ತಾಟಿನಲ್ಲಿ ಹಾಕಲು ಹೇಳಿ.

‘ಹಂಗಾರ ಏನೂ ಕಲಸೂದ ಬ್ಯಾಡೇನ್ರಿ?’ ಎಂದು ಕೇಳುವವರಿದ್ದಾರೆ. ಕಲಿಸಬೇಕು: ಗೇಟು ದಾಟಿ ರಸ್ತೆಗೆ ಓಡದಿರುವುದು, ಶೌಚ, ಓದು, ನೋವಾದರೆ ಎಲ್ಲಿ ಎಂದು ತೋರಿಸುವುದು. ಎಲ್ಲಕ್ಕಿಂತ ಮೊದಲು ‘ಒಲ್ಲೆ’ ಎನ್ನುವುದು. ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಬಾಗುವಂತೆ ಪಳಗಿಸಿದ ಮಗು ಕೆಟ್ಟ ಉದ್ದೇಶದವರು ಮೈ ಮುಟ್ಟಿದಾಗಲೂ ಸುಮ್ಮನಿರುವ ಅಪಾಯ ಹೆಚ್ಚು. ಕಾರ್ಡ್‌ನಲ್ಲಿ ಮನೆಯಲ್ಲಾಡುವ ಮಾತೇ ಇರಲಿ. ಮೆಣಸಿನಕಾಯಿ ಒಲ್ಲೆ ಎಂದಾಗ ಬಿಟ್ಟರೆ ಮಾತ್ರ ಆ ಮಾತಿಗೆ ಬಲ ಬರುತ್ತದೆ.

‘ಒಬ್ಬನಿಗಾಗಿ ಇಷ್ಟೆಲ್ಲ ಆಗಂಗಿಲ್ಲ’ ಎಂದು ಶಾಲೆಯವರು ಅಂದರೆ ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 16 ತೋರಿಸಿ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ಅದರಲ್ಲೇ ಇದೆ. ಮಾತಿಗೆ ಪೂರಕವಾದ ಸಂವಹನ ವಿಧಾನಗಳನ್ನು ಬಳಕೆಗೆ ತರುವ ವಿಷಯ ಸೆಕ್ಷನ್ 17ರಲ್ಲಿದೆ. ಐಇಪಿ ಹಾಳೆ ಫೈಲಿನಲ್ಲಿರಲಿ; ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಬರೆದು ಬಿಸಿಯೂಟದ ಅಡುಗೆಯವರಿಗೆ ಮತ್ತು ತರಗತಿಗೆ ಬದಲಿಯಾಗಿ ಬರುವ ಶಿಕ್ಷಕರಿಗೆ ಒಂದೊಂದು ಪ್ರತಿ ಕೊಡಿ. ಗುರಿ ಹಳಿ ತಪ್ಪುವುದು ಹೆಚ್ಚಾಗಿ ತರಗತಿಯ ಅಕ್ಕೋರು ರಜೆ ಹಾಕಿದ ದಿನವೇ.